ನರಕ್ಕೂ ನಾಳಕ್ಕೂ ನಡುವೆ

ಅದು ಮೊದಲ ಸಲ ಬಂದದ್ದು ಮುಖ ತೊಳೆಯುವಾಗ. ಬಲಗೈಯ ಬೆರಳು ಮೂಗಿನ ಪಕ್ಕದಲ್ಲಿ ಕೆನ್ನೆಗೆ ತಗುಲಿದ್ದೇ ತಡ, ಮೇಲ್ದವಡೆಯಿಂದ ಕಿವಿಯ ಮುಂಭಾಗದವರೆಗೆ ವಿದ್ಯುತ್ ಹರಿದಂತಾಗಿ, ಕೈಗೆ ಸಿಕ್ಕಿದ ನಲ್ಲಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತೆ. ಹೆಚ್ಚೆಂದರೆ ಐದಾರು ಸೆಕೆಂಡು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಎಲ್ಲವೂ ಮೊದಲಿನ ಹಾಗೆ. ಕನ್ನಡಿಯಲ್ಲಿ ನೋಡಿಕೊಂಡರೆ ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಮುಂದಿನ ನಾಲ್ಕು ವರ್ಷಗಳಲ್ಲಿ ನೋವು ಎಷ್ಟು ಕಾಡಿತೋ ಈ ಸಂಗತಿಯೂ ಅಷ್ಟೇ ಕಾಡಿತು: ಇಲ್ಲಿ ನೋಡಿ ಎಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ನೋವು ಹಲ್ಲಿನ ಬುಡದಿಂದಲೇ ಹೊರಡುತ್ತಿದೆ ಎಂದು ಆಣೆ ಇಟ್ಟು ಹೇಳಬಲ್ಲಷ್ಟು ನನಗೆ ಖಚಿತವಾಗಿದ್ದುದರಿಂದ ಮೊದಲು ಹೋದದ್ದು ದಂತವೈದ್ಯರ ಬಳಿಗೆ. ಎಕ್ಸ್‌ರೇಯಲ್ಲಿ ಮೇಲಿನ ದವಡೆಹಲ್ಲೊಂದರಲ್ಲಿ ಸಣ್ಣ ಹುಳುಕು ಕಂಡಿತು. ರೂಟ್ ಕೆನಾಲ್ ಮಾಡಿದರು. ಅದಾದ ಮೇಲೆ ಮೂರು ವಾರ ನೋವು ಬರಲಿಲ್ಲವಾದ್ದರಿಂದ ಕಾರಣ ಸಿಕ್ಕಿತೆಂದು ಅವರೂ ನಂಬಿದರು, ನಾನೂ ನಂಬಿದೆ. ನಾಲ್ಕನೆಯ ವಾರ ಅದು ಮರಳಿದಾಗ, ಇನ್ನೂ ಸ್ವಲ್ಪ ದಿನ ನೋಡೋಣವೆಂದು ವೈದ್ಯರು ಹೇಳುತ್ತಿದ್ದರೂ ಕೇಳದೆ, ಹಟ ಹಿಡಿದು ಆ ಹಲ್ಲನ್ನು ಕೀಳಿಸಿಕೊಂಡವಳು ನಾನೇ. ಕಿತ್ತ ಜಾಗ ಮಾಯುವ ಮೊದಲೇ ಪಕ್ಕದ ಹಲ್ಲು ಸರದಿಗೆ ನಿಂತಂತೆ ನೋಯತೊಡಗಿತು. ಈ ಕಾಯಿಲೆಯವರಲ್ಲಿ ಅನೇಕರು ಹೀಗೆ ಒಂದೆರಡು ಗಟ್ಟಿ ಹಲ್ಲುಗಳನ್ನು ಕಳೆದುಕೊಂಡ ಮೇಲೆಯೇ ನರರೋಗ ತಜ್ಞರ ಬಳಿಗೆ ಬರುತ್ತಾರೆಂದು ನಂತರ ತಿಳಿಯಿತು. ಆಗ ತಿಳಿದಿದ್ದರೆ ಬಾಯಲ್ಲಿ ಇವತ್ತು ಒಂದು ಹಲ್ಲು ಹೆಚ್ಚಿರುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ಅಂದರೆ ದಿನಕ್ಕೆ ಐದು ಗಂಟೆ ಮಾತನಾಡುವವಳು. ಹಲ್ಲುಜ್ಜುವುದು, ಅಗಿಯುವುದು, ತಣ್ಣನೆಯ ಗಾಳಿ ಕೆನ್ನೆಗೆ ಬಡಿಯುವುದು ಇವೆಲ್ಲ ನೋವನ್ನು ಕರೆಯುತ್ತವೆಂದು ಬೇಗ ಅರ್ಥವಾಯಿತು. ಮಾತು ಕೂಡ ಕರೆಯುತ್ತದೆಂದು ಅರಿಯಲು ಸ್ವಲ್ಪ ಕಾಲ ಹಿಡಿಯಿತು. ಎಲ್ಲ ಮಾತೂ ಅಲ್ಲ. ತುಟಿಗೆ ತುಟಿ ತಾಗುವ ಅಕ್ಷರಗಳು, ಪ ಫ ಬ ಭ ಮ, ಇವೇ ಅಪಾಯದವು. ಮೇಲ್ದುಟಿಯ ಬಲ ಅಂಚು ಅಲುಗಿದರೆ ಸಾಕು, ಮಿಂಚು ಹೊರಡುತ್ತಿತ್ತು. ತಿಳಿದೋ ತಿಳಿಯದೆಯೋ ನನ್ನ ಪಾಠದ ಭಾಷೆಯೇ ಬದಲಾಗತೊಡಗಿತು. ‘ಮಕ್ಕಳೇ’ ಎನ್ನುವ ಬದಲು ‘ಎಲ್ಲರೂ ಕೇಳಿ’ ಎನ್ನುತ್ತಿದ್ದೆ. ಪರಿಧಿ, ಭಾಗಾಕಾರ, ಬಾಹು ಎಂಬ ಪದಗಳನ್ನು ಹೇಳದೆ ಬೋರ್ಡಿನ ಮೇಲೆ ಬರೆದು ಬೆರಳು ತೋರಿಸುತ್ತಿದ್ದೆ. ನೋವು ಬಂದೇಬಿಟ್ಟರೆ ಬರೆಯುವವಳಂತೆ ಮಕ್ಕಳಿಗೆ ಬೆನ್ನು ಮಾಡಿ, ಸೀಮೆಸುಣ್ಣವನ್ನು ಬೋರ್ಡಿಗೆ ಒತ್ತಿ ನಿಂತು, ಅದು ಇಳಿಯುವವರೆಗೆ ಕಾಯುತ್ತಿದ್ದೆ. ತರಗತಿ ಮುಗಿದು ನೋಡಿದರೆ ಬೋರ್ಡಿನ ಮೇಲೆ ಸಂಬಂಧವಿಲ್ಲದ ದಪ್ಪ ಬಿಳಿ ಚುಕ್ಕೆಗಳು ಇರುತ್ತಿದ್ದವು.

ನರರೋಗ ತಜ್ಞರು ಮುಖವನ್ನು ಮುಟ್ಟುವ ಮೊದಲು ಅರ್ಧ ಗಂಟೆ ಬರೀ ಕೇಳಿದರು. ನೋವು ಬಂದರೆ ಎಷ್ಟು ಹೊತ್ತು ಇರುತ್ತದೆ? ಎರಡು ನೋವುಗಳ ನಡುವೆ ಪೂರ್ತಿ ಆರಾಮವೋ, ಒಳಗೇ ಸಣ್ಣಗೆ ನೋಯುತ್ತಿರುತ್ತದೆಯೋ? ಎಡಗಡೆಗೆ ಎಂದಾದರೂ ದಾಟಿದೆಯೇ? ನಿದ್ದೆಯಿಂದ ಎಬ್ಬಿಸುತ್ತದೆಯೇ? ಕೆನ್ನೆ ಮರಗಟ್ಟಿದೆಯೇ? ಆ ಭಾಗದಲ್ಲಿ ಹಿಂದೆ ಸರ್ಪಸುತ್ತು ಆಗಿತ್ತೇ? ಆಮೇಲೆ ಹತ್ತಿಯ ಎಳೆಯೊಂದನ್ನು ಹಣೆ, ಕೆನ್ನೆ, ಗಲ್ಲಗಳ ಎರಡೂ ಬದಿಗೆ ಸೋಕಿಸಿ, ಕಣ್ಣು ರೆಪ್ಪೆ ಮಿಟುಕಿಸುವುದನ್ನೂ ದವಡೆ ಕಚ್ಚುವ ಬಲವನ್ನೂ ಕಿವಿಯನ್ನೂ ಪರೀಕ್ಷಿಸಿದರು. “ಇದು ಹಲ್ಲಿನದ್ದಲ್ಲಮ್ಮ. ಇದಕ್ಕೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುತ್ತೇವೆ,” ಎಂದರು. ಹೆಸರು ಸಿಕ್ಕಿದ್ದಕ್ಕೆ ಒಬ್ಬಳು ಇಷ್ಟು ಸಂತೋಷಪಡಬಹುದೆಂದು ನಾನು ಎಣಿಸಿರಲಿಲ್ಲ.

ತಲೆಬುರುಡೆಯೊಳಗಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದು ಟ್ರೈಜೆಮಿನಲ್ ನರ. ಮುಖದ ಸ್ಪರ್ಶ, ಬಿಸಿ, ತಂಪು, ನೋವು ಎಲ್ಲವನ್ನೂ ಮೆದುಳಿಗೆ ತಲುಪಿಸುವುದು ಇದು. ಇದಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ನನ್ನದು ಎರಡನೆಯ ಕವಲಿನ ನೋವು. ಮುಖದ ಸ್ನಾಯುಗಳನ್ನು ಕುಣಿಸುವ ಏಳನೆಯ ನರವೇ ಬೇರೆ. ಅದು ಸೋತರೆ ಬಾಯಿ ಸೊಟ್ಟಗಾಗುತ್ತದೆ. ನನ್ನ ಕಾಯಿಲೆಯ ಸುದ್ದಿ ಕೇಳಿದವರಲ್ಲಿ ಅರ್ಧ ಮಂದಿ ಅದೇ ಇದೆಂದು ತಿಳಿದು ‘ಮುಖ ಸರಿಯಾಗೇ ಇದೆಯಲ್ಲ’ ಎಂದು ಸಮಾಧಾನ ಹೇಳಿ ಹೋದರು.

ನೋವಿನ ಮೂಲವನ್ನು ವೈದ್ಯರು ವಿವರಿಸಿದ ಬಗೆ ಇವತ್ತಿಗೂ ನೆನಪಿದೆ. ನರವು ಮೆದುಳುಕಾಂಡವನ್ನು ಸೇರುವ ಜಾಗದ ಹತ್ತಿರ, ಅದರ ಮೇಲಿನ ಮಯಲಿನ್ ಹೊದಿಕೆ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುವ ಗಡಿಯೊಂದಿದೆ. ವಯಸ್ಸಾದಂತೆ ರಕ್ತನಾಳಗಳು ಉದ್ದವಾಗಿ ಬಳುಕುತ್ತವೆ. ಹಾಗೆ ಬಳುಕಿದ ಅಪಧಮನಿಯೊಂದು ಈ ಗಡಿಯ ಬಳಿ ನರಕ್ಕೆ ಒರಗಿಕೊಂಡರೆ, ಹೃದಯದ ಪ್ರತಿ ಬಡಿತಕ್ಕೂ ಅದನ್ನು ಗುದ್ದುತ್ತಲೇ ಇರುತ್ತದೆ. ವರ್ಷಗಟ್ಟಲೆ ಗುದ್ದಿಸಿಕೊಂಡು ಹೊದಿಕೆ ಸವೆದಾಗ, ಸ್ಪರ್ಶವನ್ನು ಒಯ್ಯುವ ಎಳೆಯ ಸಂಕೇತ ಪಕ್ಕದ ನೋವಿನ ಎಳೆಗೆ ಹಾರಿಬಿಡುತ್ತದೆ. ಹತ್ತಿಯ ಎಳೆ ಸೋಕಿದ್ದು ಮೆದುಳಿಗೆ ಚೂರಿ ಹಾಕಿದಂತೆ ತಲುಪುವುದು ಹೀಗೆ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 4ರಿಂದ 13 ಮಂದಿಗೆ ಹೊಸದಾಗಿ ಬರುವ ಕಾಯಿಲೆಯಿದು. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ನನಗೆ ಆಗ 51.

ಮೊದಲ ಚಿಕಿತ್ಸೆ ಕಾರ್ಬಮಜೆಪೀನ್. ಅಪಸ್ಮಾರಕ್ಕೆಂದು ಬಂದ ಈ ಔಷಧವನ್ನು ಸ್ವೀಡನ್ನಿನ ವೈದ್ಯ ಬ್ಲೋಮ್ 1962ರಲ್ಲಿ ಈ ನೋವಿಗೆ ಬಳಸಿ ವರದಿ ಮಾಡಿದರಂತೆ. ಅಂದಿನಿಂದ ಇಂದಿನವರೆಗೆ ಇದೇ ಮೊದಲ ಆಯ್ಕೆ. ಶುರು ಮಾಡುವ ಮೊದಲು ರಕ್ತಕಣಗಳು, ಯಕೃತ್ತು, ಸೋಡಿಯಂ ಪರೀಕ್ಷೆಗಳ ಜೊತೆಗೆ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿಯ ಪರೀಕ್ಷೆಯನ್ನೂ ಮಾಡಿಸಿದರು. ಏಷ್ಯಾ ಮೂಲದವರಲ್ಲಿ ಕೆಲವರಿಗೆ ಇರುವ ಈ ವಂಶವಾಹಿ ಇದ್ದರೆ ಈ ಮಾತ್ರೆಯಿಂದ ಚರ್ಮವೇ ಸುಲಿದುಹೋಗುವಂಥ ಪ್ರಾಣಾಂತಿಕ ಪ್ರತಿಕ್ರಿಯೆಯ ಸಂಭವವಿದೆ. ನನಗೆ ಅದು ಇರಲಿಲ್ಲ. ದಿನಕ್ಕೆ ಎರಡು ಸಲ 100 ಮಿಲಿಗ್ರಾಂನಿಂದ ಆರಂಭಿಸಿದ ಮೂರನೆಯ ದಿನ ನಾನು ಮುಖ ತೊಳೆದೆ, ಎರಡೂ ಕೈಯಿಂದ, ಉಜ್ಜಿ. ಮಾತ್ರೆಗೆ ಇಷ್ಟು ಚೆನ್ನಾಗಿ ನೋವು ಇಳಿದದ್ದೇ ರೋಗನಿರ್ಣಯಕ್ಕೆ ಇನ್ನೊಂದು ಸಾಕ್ಷಿ ಎಂದರು ವೈದ್ಯರು.

ಆದರೆ ನೋವು ಮಾತ್ರೆಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತ ಬಂತು. 400 ಆಯಿತು, 800 ಆಯಿತು, ಜೊತೆಗೆ ಬ್ಯಾಕ್ಲೋಫೆನ್ ಎಂಬ ಇನ್ನೊಂದು ಮಾತ್ರೆ ಸೇರಿತು, ಎರಡೂವರೆ ವರ್ಷಕ್ಕೆ ದಿನಕ್ಕೆ 1000 ಮಿಲಿಗ್ರಾಂ ಮುಟ್ಟಿತು. ಬೆಳಿಗ್ಗೆ ಎದ್ದರೆ ನೆಲ ಸ್ವಲ್ಪ ಓರೆಯಾಗಿರುತ್ತಿತ್ತು. ಒಂದು ದಿನ ಎಂಟನೆಯ ತರಗತಿಯಲ್ಲಿ ಭಿನ್ನರಾಶಿ ಬರೆದು, ಗೆರೆಯ ಮೇಲಿನದು ಅಂಶ ಎಂದೆ. ಕೆಳಗಿನದಕ್ಕೆ ಏನೆನ್ನುತ್ತಾರೆಂದು ನನಗೆ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ಹೇಳಿಕೊಟ್ಟ ಪದ. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, “ಛೇದ, ಮಿಸ್,” ಎಂದಳು. ಅದೇ ವಾರದ ರಕ್ತಪರೀಕ್ಷೆಯಲ್ಲಿ, 135ರಿಂದ 145ರ ನಡುವೆ ಇರಬೇಕಾದ ಸೋಡಿಯಂ 126ಕ್ಕೆ ಇಳಿದಿತ್ತು. ನೋವು ಬಾಯಿಯಿಂದ ಕಿತ್ತುಕೊಂಡದ್ದು ಪ-ವರ್ಗವನ್ನು ಮಾತ್ರ. ಮಾತ್ರೆ ಇಡೀ ಶಬ್ದಕೋಶಕ್ಕೇ ಕೈ ಹಾಕಿತ್ತು. ಶಸ್ತ್ರಚಿಕಿತ್ಸೆಯ ಮಾತು ಮೊದಲು ಬಂದದ್ದು ಆವತ್ತು.

ಎಂಆರ್‌ಐ ಮೊದಲೇ ಒಮ್ಮೆ ಆಗಿತ್ತು. ಗಡ್ಡೆಯಾಗಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಾಗಲಿ ಇದೇ ಥರದ ನೋವು ಕೊಡಬಲ್ಲವಾದ್ದರಿಂದ ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಾಡಿಸಿದ ಸಾಮಾನ್ಯ ಸ್ಕ್ಯಾನ್ ಅದು. ವರದಿಯಲ್ಲಿ ‘ಯಾವ ದೋಷವೂ ಇಲ್ಲ’ ಎಂದಿತ್ತು. ಆ ಒಂದು ಸಾಲು ನನಗೆ ಮಾಡಿದ ಅನ್ಯಾಯ ಸಣ್ಣದಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ‘ಸ್ಕ್ಯಾನಿನಲ್ಲೇ ಏನೂ ಇಲ್ಲವಲ್ಲ’ ಎಂಬುದು ಎಲ್ಲರ ಮುಖದಲ್ಲೂ ಓದಲು ಸಿಗುತ್ತಿತ್ತು. ನರಶಸ್ತ್ರಚಿಕಿತ್ಸಕರು ಬೇರೆಯೇ ಬಗೆಯ ಸ್ಕ್ಯಾನ್ ಬರೆದರು: ಮೆದುಳುಕಾಂಡದ ಸುತ್ತಲಿನ ಜಾಗವನ್ನು ಮಿಲಿಮೀಟರಿಗೂ ತೆಳುವಾದ ಹಾಳೆಗಳಾಗಿ ತೋರಿಸುವಂಥದ್ದು, ರಕ್ತನಾಳಗಳನ್ನು ಬೇರೆಯಾಗಿ ಬೆಳಗಿಸುವಂಥದ್ದು. ಬೆಳ್ಳಗಿನ ದ್ರವದ ನಡುವೆ ಬೂದುಬಣ್ಣದ ಎರಡು ದಾರಗಳು, ಎಡಕ್ಕೊಂದು ಬಲಕ್ಕೊಂದು. ಎಡಗಡೆಯದು ನೇರವಾಗಿತ್ತು. ಬಲಗಡೆಯದರ ಮೇಲೆ ಮೇಲಿನಿಂದ ಕುಣಿಕೆಯಂತೆ ಇಳಿದ ಕಪ್ಪು ಗೆರೆಯೊಂದು ಒರಗಿತ್ತು, ಅದರ ಕೆಳಗೆ ದಾರ ಬಾಗಿತ್ತು. ನನ್ನ ಮಗಳು ಪರದೆಯ ಹತ್ತಿರ ಬಗ್ಗಿ, ಬಹಳ ಹೊತ್ತು ನೋಡಿ, “ಇದೇನಾ ಅಮ್ಮ?” ಎಂದಳು.

ಶಸ್ತ್ರಚಿಕಿತ್ಸಕರು ಮಾತ್ರ ಆ ಚಿತ್ರಕ್ಕೆ ನಮ್ಮಷ್ಟು ಮರುಳಾಗಲಿಲ್ಲ. ನೋವೇ ಇಲ್ಲದ ಎಷ್ಟೋ ಜನರಲ್ಲೂ ನಾಳ ನರಕ್ಕೆ ತಾಗಿರುವುದು ಸ್ಕ್ಯಾನಿನಲ್ಲಿ ಕಾಣುತ್ತದೆ, ತಾಗುವುದಷ್ಟೇ ಸಾಲದು, ನರ ಬಾಗಿರಬೇಕು ಅಥವಾ ಸೊರಗಿರಬೇಕು ಎಂದು ವಿವರಿಸಿ, “ನಾನು ಸ್ಕ್ಯಾನ್ ನೋಡಿ ಆಪರೇಷನ್ ಮಾಡುವವನಲ್ಲ, ನೀವು ಹೇಳಿದ್ದನ್ನು ಕೇಳಿ ಮಾಡುವವನು. ಸ್ಕ್ಯಾನ್ ನನಗೆ ದಾರಿಯ ನಕ್ಷೆ ಅಷ್ಟೇ,” ಎಂದರು. ವರ್ಷಗಟ್ಟಲೆ ನನ್ನ ಮಾತಿಗೆ ಸಾಕ್ಷಿ ಹುಡುಕುತ್ತಿದ್ದವಳಿಗೆ, ಮಾತೇ ಸಾಕ್ಷಿ ಎನ್ನುವವರು ಸಿಕ್ಕಿದ್ದರು.

ಆಯ್ಕೆಗಳನ್ನು ಅವರು ಮುಚ್ಚುಮರೆಯಿಲ್ಲದೆ ಮುಂದಿಟ್ಟರು. ಕೆನ್ನೆಯ ಮೂಲಕ ಸೂಜಿ ತೂರಿಸಿ ನರದ ಗಂಟನ್ನು ಶಾಖದಿಂದ ಸುಡಬಹುದು, ಪುಟ್ಟ ಬಲೂನಿನಿಂದ ಅದುಮಬಹುದು, ಗ್ಲಿಸರಾಲ್ ಚುಚ್ಚಬಹುದು; ಗಾಮಾ ನೈಫ್ ಎಂಬ ವಿಕಿರಣದಿಂದ ನರದ ಬೇರಿಗೆ ಗುರಿಯಿಡಬಹುದು, ಅದರ ಗುಣ ಕಾಣಲು ವಾರಗಳಿಂದ ತಿಂಗಳುಗಳೇ ಬೇಕು. ಗ್ಲಿಸರಾಲಿನ ಕತೆ ಕುತೂಹಲದ್ದು: ವಿಕಿರಣದ ಗುರಿಯನ್ನು ಗುರುತಿಸಲು ಲೋಹದ ಪುಡಿಯನ್ನು ಗ್ಲಿಸರಾಲಿನಲ್ಲಿ ಬೆರೆಸಿ ಚುಚ್ಚಿದಾಗ, ವಿಕಿರಣಕ್ಕೆ ಮೊದಲೇ ನೋವು ಹೋದದ್ದನ್ನು ಕಂಡು ಸ್ವೀಡನ್ನಿನ ವೈದ್ಯರು ಅದನ್ನೇ ಚಿಕಿತ್ಸೆಯಾಗಿಸಿಕೊಂಡರು. ಇವೆಲ್ಲವೂ ನರಕ್ಕೆ ಅಳತೆಯಿಟ್ಟು ಪೆಟ್ಟು ಕೊಡುವ ದಾರಿಗಳು, ಆದ್ದರಿಂದ ಕೆನ್ನೆ ಮರಗಟ್ಟುವ ಸಂಭವ ಹೆಚ್ಚು. ವಯಸ್ಸಾದವರಿಗೆ, ದೊಡ್ಡ ಅರಿವಳಿಕೆ ತಾಳದವರಿಗೆ ಇವೇ ಸರಿ. ನರವನ್ನು ಗಾಯಗೊಳಿಸದೆ ಮೂಲಕ್ಕೇ ಹೋಗುವುದು ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್ ಒಂದೇ: ಕಿವಿಯ ಹಿಂದೆ ಬುರುಡೆಯಲ್ಲಿ ಕಿಂಡಿ ತೆರೆದು, ನಾಳವನ್ನು ನರದಿಂದ ಬಿಡಿಸಿ, ನಡುವೆ ಟೆಫ್ಲಾನಿನ ತುಣುಕು ಇಡುವುದು.

ಕಿವಿಯ ಹಿಂದಿನ ಈ ದಾರಿಯಲ್ಲಿ ಹೋಗಿ ನರವನ್ನೇ ಕತ್ತರಿಸುತ್ತಿದ್ದ ಅಮೆರಿಕದ ವಾಲ್ಟರ್ ಡ್ಯಾಂಡಿ, 1930ರ ದಶಕದಲ್ಲೇ ನರದ ಮೇಲೆ ನಾಳ ಒರಗಿರುವುದನ್ನು ಮತ್ತೆ ಮತ್ತೆ ಕಂಡು ಬರೆದಿದ್ದರು. ಆದರೆ ಬರಿಗಣ್ಣಿಗೆ ಅಷ್ಟು ಆಳದಲ್ಲಿ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಿರಲಿಲ್ಲ. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಹಿಡಿದು ಅಲ್ಲಿಗೆ ಹೋದ ಮೇಲೆ, ಕತ್ತರಿಸುವ ಬದಲು ಬಿಡಿಸಬಹುದೆಂಬುದು ಸಾಧ್ಯವಾಯಿತು. ಆಗಲೂ ಬಹಳ ಕಾಲ ಅವರ ಮಾತನ್ನು ನಂಬದವರೇ ಹೆಚ್ಚು. ಅವರ ತಂಡ 1996ರಲ್ಲಿ 1185 ರೋಗಿಗಳ ಫಲಿತಾಂಶ ಪ್ರಕಟಿಸಿತು. ಹತ್ತು ವರ್ಷಗಳ ನಂತರ 70 ಶೇಕಡಾ ಮಂದಿ ಮಾತ್ರೆಯಿಲ್ಲದೆ, ನೋವಿಲ್ಲದೆ ಇದ್ದರು. ಇಬ್ಬರು ಸತ್ತಿದ್ದರು, 16 ಮಂದಿ ಆ ಬದಿಯ ಶ್ರವಣ ಕಳೆದುಕೊಂಡಿದ್ದರು. ಈ ಅಂಕಿಗಳನ್ನು ಮನೆಗೆ ಒಯ್ದು ಕೂತೆ. ಬೇರೆಯವರಿಗೆ ಹೇಗೋ, ನನ್ನಂಥವಳಿಗೆ ‘ಭಯಪಡಬೇಡಿ’ ಎಂಬ ಮಾತಿಗಿಂತ ಸಾವಿರಕ್ಕೆ ಎಷ್ಟು ಎಂಬ ಲೆಕ್ಕವೇ ಹೆಚ್ಚು ಧೈರ್ಯ ಕೊಟ್ಟಿತು.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅದಾಗಿ ಒಂದು ವಾರಕ್ಕೆ ನೋವು ನಿಂತುಹೋಯಿತು.

ಈ ಕಾಯಿಲೆಯ ಸ್ವಭಾವವೇ ಅದು: ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಯವಾಗಿ, ಮತ್ತೆ ಬರುತ್ತದೆ. ಗೊತ್ತಿದ್ದರೂ, ಇಪ್ಪತ್ತು ದಿನ ಸತತವಾಗಿ ಎರಡೂ ಬದಿಯಲ್ಲಿ ಅಗಿದು ಉಂಡವಳಿಗೆ ತಲೆಬುರುಡೆ ತೆರೆಸಿಕೊಳ್ಳುವ ಯೋಚನೆ ಹುಚ್ಚೆನ್ನಿಸತೊಡಗಿತು. “ಆರಾಮಾಗಿ ಇರುವವಳ ತಲೆಗೆ ಯಾಕೆ ಕೈ ಹಾಕಿಸಬೇಕು?” ಎಂದರು ನಮ್ಮ ಯಜಮಾನರು. ನನ್ನ ಮನಸ್ಸಿನಲ್ಲಿದ್ದುದನ್ನೇ ಅವರು ಆಡಿದ್ದರು. ಆಸ್ಪತ್ರೆಗೆ ಫೋನು ಮಾಡಿ ದಿನವನ್ನು ಮುಂದೆ ಹಾಕಿಸಿದೆ. ಆ ರಾತ್ರಿ ಮಗಳು ನನ್ನ ನೋವಿನ ಪುಸ್ತಕವನ್ನು ತಂದು ಮೇಜಿನ ಮೇಲೆ ಇಟ್ಟಳು. ಮೊದಲ ವರ್ಷವೇ ನರರೋಗ ತಜ್ಞರು ಬರೆದಿಡಲು ಹೇಳಿದ್ದ ಪುಸ್ತಕ ಅದು: ದಿನಾಂಕ, ಎಷ್ಟು ಸಲ, ಏನು ಮಾಡುವಾಗ, ಎಷ್ಟು ಮಾತ್ರೆ. ನೋವು ಬಂದ ದಿನಗಳನ್ನಷ್ಟೇ ನಾನು ನೋಡುತ್ತಿದ್ದೆ. ಅವಳು ಬರದ ದಿನಗಳನ್ನು ಎಣಿಸಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು. ಮೊದಲ ಬಿಡುವು 8 ತಿಂಗಳು. ಎರಡನೆಯದು 5. ಆಮೇಲೆ 11 ವಾರ, 6 ವಾರ, 4 ವಾರ. “ನೀನೇ ಹೇಳಿಕೊಟ್ಟದ್ದು ತಾನೇ, ಮುಂದಿನ ಸಂಖ್ಯೆ ಎಷ್ಟು?” ಎಂದಳು. ಉತ್ತರ ಹೇಳಲಿಲ್ಲ. ಮರುವಾರ ಹಾಜರಿ ಕೂಗುವಾಗ, ಪ-ಕಾರದಿಂದ ಶುರುವಾಗುವ ಹೆಸರೊಂದಕ್ಕೆ ಅದು ಮರಳಿತು. ಹಾಜರಿ ಪುಸ್ತಕ ಮುಚ್ಚಿ, ಕೊಠಡಿಯ ಹೊರಗೆ ಬಂದು, ಅಲ್ಲಿಂದಲೇ ಆಸ್ಪತ್ರೆಗೆ ಫೋನು ಮಾಡಿದೆ.

ಹಿಂದಿನ ದಿನ ದಾಖಲಾದೆ. ಶ್ರವಣ ಪರೀಕ್ಷೆ, ಹೃದಯದ ಪರೀಕ್ಷೆ, ಅರಿವಳಿಕೆ ತಜ್ಞರ ಭೇಟಿ ಇವೆಲ್ಲ ಎಲ್ಲ ಶಸ್ತ್ರಚಿಕಿತ್ಸೆಗಳಲ್ಲೂ ಇರುವಂಥವೇ. ತಲೆ ಪೂರ್ತಿ ಬೋಳಿಸುತ್ತಾರೆಂದು ಹೆದರಿದ್ದೆ. ಬೆಳಿಗ್ಗೆ ಕಿವಿಯ ಹಿಂದೆ ಎರಡು ಬೆರಳಗಲದ ಪಟ್ಟಿಯಷ್ಟನ್ನೇ ಬೋಳಿಸಿದರು, ಮೇಲಿನ ಕೂದಲು ಇಳಿಬಿಟ್ಟರೆ ಮುಚ್ಚಿಹೋಗುವಷ್ಟು. ಕಾರ್ಬಮಜೆಪೀನನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ಕೊಟ್ಟರು. ಒಪ್ಪಿಗೆ ಪತ್ರದಲ್ಲಿದ್ದ ತೊಡಕುಗಳನ್ನು ಶಸ್ತ್ರಚಿಕಿತ್ಸಕರೇ ಕೂತು ಒಂದೊಂದಾಗಿ ಓದಿ ಹೇಳಿದರು: ಕಿವುಡು, ಮುಖ ಮರಗಟ್ಟುವುದು, ಎರಡೆರಡಾಗಿ ಕಾಣುವುದು, ಮೆದುಳಿನ ಸುತ್ತಲಿನ ದ್ರವ ಸೋರುವುದು, ಸೋಂಕು, ಪಾರ್ಶ್ವವಾಯು, ಸಾವು. ಕೊನೆಯ ಪದವನ್ನು ಅವರು ಧ್ವನಿ ತಗ್ಗಿಸದೆ ಓದಿದ್ದು ಸರಿಯೆನ್ನಿಸಿತು.

ಒಳಗೆ ನಡೆದದ್ದನ್ನು ನಾನು ನೋಡಿದವಳಲ್ಲ. ಆಮೇಲೆ ಶಸ್ತ್ರಚಿಕಿತ್ಸಕರು ಸೂಕ್ಷ್ಮದರ್ಶಕದ ವಿಡಿಯೊ ತೋರಿಸುತ್ತ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಡಮಗ್ಗುಲಿಗೆ ಮಲಗಿಸಿ, ತಲೆ ಕೂದಲೆಳೆಯಷ್ಟೂ ಅಲುಗದಂತೆ ಮೂರು ಮೊನೆಗಳ ಹಿಡಿಕೆಯಲ್ಲಿ ಬಂಧಿಸಿ, ಕಿವಿಯ ಹಿಂದೆ ಸುಮಾರು ಐದು ಸೆಂಟಿಮೀಟರ್ ಕೊಯ್ದು, ದೊಡ್ಡ ನಾಣ್ಯದಷ್ಟು ಮೂಳೆ ತೆಗೆದರು. ಅದರ ಕೆಳಗೆ ಎರಡು ದೊಡ್ಡ ಅಭಿಧಮನಿ ಕಾಲುವೆಗಳು ಕೂಡುವ ಮೂಲೆಯಿದೆ; ಆ ಮೂಲೆಯೇ ಹೆಬ್ಬಾಗಿಲು. ಮೆದುಳಿನ ಹೊದಿಕೆಯನ್ನು ತೆರೆದು, ದ್ರವವನ್ನು ನಿಧಾನವಾಗಿ ಹೊರಬಿಟ್ಟಾಗ ಕಿರುಮೆದುಳು ತಾನಾಗಿಯೇ ಕುಗ್ಗಿ ದಾರಿ ಬಿಡುತ್ತದೆ. ಇಡೀ ಹೊತ್ತು ಕಿವಿಯೊಳಗೆ ಟಿಕ್ ಟಿಕ್ ಸದ್ದು ಕಳಿಸುತ್ತ, ಅದು ಮೆದುಳುಕಾಂಡಕ್ಕೆ ತಲುಪುತ್ತಿದೆಯೇ ಎಂದು ಯಂತ್ರವೊಂದು ಅಳೆಯುತ್ತಿರುತ್ತದೆ. ಶ್ರವಣದ ನರ ಪಕ್ಕದಲ್ಲೇ ಇರುವುದರಿಂದ, ಅದನ್ನು ಸ್ವಲ್ಪ ಎಳೆದರೂ ಸಂಕೇತ ತಲುಪುವುದು ತಡವಾಗುತ್ತದೆ, ಅದೇ ಎಚ್ಚರಿಕೆ. ನನ್ನ ವಿಷಯದಲ್ಲಿ ಒಮ್ಮೆ ತಡವಾಯಿತಂತೆ, ಕೈ ತೆಗೆದು ಕೆಲವು ನಿಮಿಷ ಕಾದರಂತೆ.

ಪರದೆಯ ಮೇಲೆ ನರ ದಂತದ ಬಣ್ಣದ ಅಗಲ ಪಟ್ಟಿಯಂತೆ ಕಂಡಿತು. ಅದರ ಮೇಲೆ, ಮೇಲಂಚಿನ ಕಡೆಯಿಂದ ಒತ್ತಿಕೊಂಡು, ಕೆಂಪಗಿನ ಕುಣಿಕೆಯೊಂದು ಮಿಡಿಯುತ್ತಿತ್ತು. ಸುಪೀರಿಯರ್ ಸೆರೆಬೆಲ್ಲರ್ ಅಪಧಮನಿ. ಹೆಚ್ಚಿನವರಲ್ಲಿ ತಪ್ಪಿತಸ್ಥ ಇದೇ. ಸುತ್ತಲೂ ಜೇಡನ ಬಲೆಯಂಥ ತೆಳುಪೊರೆಯನ್ನು ಪುಟ್ಟ ಕತ್ತರಿಯಿಂದ ಬಿಡಿಸುತ್ತ ಬಂದು, ಕುಣಿಕೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರು. ಅಲ್ಲಿ ಶಸ್ತ್ರಚಿಕಿತ್ಸಕರು ವಿಡಿಯೊ ನಿಲ್ಲಿಸಿದರು. ನಾಳ ಎದ್ದುಹೋದ ಜಾಗದಲ್ಲಿ ನರದ ಮೇಲೆ ತೋಡು ಬಿದ್ದಿತ್ತು, ಬಹಳ ದಿನ ಬಿಗಿಯಾದ ಬಳೆ ತೊಟ್ಟ ಮಣಿಕಟ್ಟಿನ ಮೇಲೆ ಉಳಿಯುವ ಗುರುತಿನ ಹಾಗೆ, ಸುತ್ತಲಿಗಿಂತ ಸ್ವಲ್ಪ ಮಂಕಾಗಿ. ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ ಹತ್ತಿಯಂತೆ ಹಿಂಜಿದ ಟೆಫ್ಲಾನಿನ ಉಂಡೆಗಳನ್ನು ಎರಡು ಮೂರು ಕಡೆ ಸಿಕ್ಕಿಸಿ, ನಾಳ ಮತ್ತೆ ಕೆಳಗಿಳಿಯದಂತೆ ಮಾಡಿದರು. ದೇಹಕ್ಕೆ ಅದು ಕರಗದು, ಹೀರಿಕೊಳ್ಳದು. ಹೊದಿಕೆಯನ್ನು ನೀರು ಸೋರದಂತೆ ಹೊಲಿದು, ಮೂಳೆಯಲ್ಲಿ ತೆರೆದುಕೊಂಡ ಗಾಳಿಗೂಡುಗಳಿಗೆ ಮೇಣ ತುಂಬಿ ಮುಚ್ಚುವಾಗ ಎರಡೂಮುಕ್ಕಾಲು ಗಂಟೆ ಕಳೆದಿತ್ತು.

ಎಚ್ಚರವಾದಾಗ ತಲೆಯ ಹಿಂಭಾಗವನ್ನು ಯಾರೋ ಕಲ್ಲಿನ ಮೇಲೆ ಇಟ್ಟಂತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಬಲಗೆನ್ನೆಯ ವಿಚಾರ ಮಾಡಲೂ ಹೆದರಿಕೆಯಾಗಿ ತುಟಿ ಬಿಗಿದುಕೊಂಡೇ ಮಲಗಿದ್ದೆ. ಒಮ್ಮೆ ವಾಂತಿಯಾಯಿತು. ನರ್ಸ್ ಒದ್ದೆ ಬಟ್ಟೆ ತಂದು, ನಾನು ಕೈಯೆತ್ತಿ ತಡೆಯುವಷ್ಟರಲ್ಲಿ, ಬಾಯಿಯಿಂದ ಕಿವಿಯವರೆಗೆ ಬಲಗೆನ್ನೆಯನ್ನು ಗಸಗಸನೆ ಒರೆಸಿಬಿಟ್ಟರು. ಒದ್ದೆ. ತಂಪು. ಬಟ್ಟೆಯ ಒರಟು. ಅಷ್ಟೇ. “ನೋವಾಯಿತೇನಮ್ಮ?” ಎಂದು ಅವರು ಗಾಬರಿಯಿಂದ ಕೇಳಿದರು, ನಾನು ಅಳುತ್ತಿದ್ದೆನಲ್ಲ, ಅದಕ್ಕೆ.

ನಂತರದ ದಿನಗಳನ್ನು ಸುಖವೆಂದು ಬಣ್ಣಿಸಿದರೆ ಸುಳ್ಳಾಗುತ್ತದೆ. ಒಂದು ರಾತ್ರಿ ಐಸಿಯುನಲ್ಲಿ ಗಂಟೆಗೊಮ್ಮೆ ಎಬ್ಬಿಸಿ ಕಣ್ಣಿಗೆ ಬೆಳಕು ಬಿಟ್ಟು, ಕೈಕಾಲು ಎತ್ತಿಸಿದರು. ಎರಡು ದಿನ ಎದ್ದು ಕೂತರೆ ಕೋಣೆ ತಿರುಗುತ್ತಿತ್ತು. ಕತ್ತು ಮರದ ಹಾಗೆ ಬಿಗಿದಿತ್ತು. ಈಜಿ ಬಂದವರ ಕಿವಿಯಲ್ಲಿ ನೀರು ನಿಂತಂತೆ ಬಲಗಿವಿ ಮುಚ್ಚಿಕೊಂಡು, ಕಿವುಡು ನನ್ನ ಪಾಲಿಗೇ ಬಂತೇ ಎಂದು ಹೆದರಿದೆ. ಕಿವಿಯ ಹಿಂದಿನ ಮೂಳೆಗೂಡುಗಳಲ್ಲಿ ದ್ರವ ಸೇರುವುದು ಸಾಮಾನ್ಯ, ಕೆಲವು ವಾರಗಳಲ್ಲಿ ಇಂಗುತ್ತದೆ ಎಂದರು, ಹಾಗೆಯೇ ಆಯಿತು. ಐದನೆಯ ದಿನ ಮನೆಗೆ ಕಳಿಸುವಾಗ ಬರೆದುಕೊಟ್ಟ ಸೂಚನೆಗಳಲ್ಲಿ ಕೆಂಪು ಗೆರೆ ಎಳೆದಿದ್ದು ಒಂದಕ್ಕೆ: ಮೂಗಿನಿಂದಲೋ ಗಾಯದಿಂದಲೋ ನೀರಿನಂಥ ತಿಳಿದ್ರವ ತೊಟ್ಟಿಕ್ಕಿದರೆ ತಕ್ಷಣ ಬರಬೇಕು. ಎಂಟನೆಯ ದಿನ ಬಗ್ಗಿದಾಗ ಮೂಗಿನಿಂದ ಎರಡು ಹನಿ ಬಿತ್ತು. ರಾತ್ರಿ ಹತ್ತಕ್ಕೆ ಆಸ್ಪತ್ರೆಗೆ ಓಡಿ, ಅರ್ಧ ಗಂಟೆ ಮುಂದಕ್ಕೆ ಬಗ್ಗಿ ಕೂತು, ಬೇರೇನೂ ಬೀಳದೆ, ಬರೀ ನೆಗಡಿಯೆಂದು ತೀರ್ಮಾನವಾಗಿ ವಾಪಸಾದೆವು. ನಾಚಿಕೆಯೇನೂ ಆಗಲಿಲ್ಲ, ನಿಜವಾಗಿಯೂ ದ್ರವ ಸೋರುತ್ತಿದ್ದರೆ ಮೆದುಳಿನ ಪೊರೆಗೆ ಸೋಂಕು ತಗಲಲು ಅದೇ ದಾರಿ.

ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ವಾರಕ್ಕೆ 100, 200 ಮಿಲಿಗ್ರಾಂನಂತೆ ಇಳಿಸುತ್ತ ಬಂದರು. ನಾಲ್ಕನೆಯ ವಾರ, ಮಾತ್ರೆ 400ಕ್ಕೆ ಇಳಿದಿದ್ದಾಗ, ಹಲ್ಲುಜ್ಜುತ್ತಿದ್ದ ನನಗೆ ಮೇಲ್ದುಟಿಯಲ್ಲಿ ಆ ಹಳೆಯ ಮಿಂಚು ಒಂದು ಸಲ ಹೊಳೆದು ಹೋಯಿತು. ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ನೆಲದ ಮೇಲೆ ಕೂತೆ. ಗಾಯಗೊಂಡ ನರ ಸುಧಾರಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಕೆಲವರಲ್ಲಿ ಹೀಗೆ ಆಗೊಮ್ಮೆ ಈಗೊಮ್ಮೆ ಮಿನುಗಿ ನಿಲ್ಲುತ್ತದೆ, ಮಾತ್ರೆ ಇಳಿಸುವುದನ್ನು ಎರಡು ವಾರ ತಡೆಯೋಣ ಎಂದರು ವೈದ್ಯರು. ಅದು ಮತ್ತೆ ಬರಲಿಲ್ಲ. ಮೂರನೆಯ ತಿಂಗಳ ಕೊನೆಗೆ ಮಾತ್ರೆ ಪೂರ್ತಿ ನಿಂತಿತು, ಸೋಡಿಯಂ 138ಕ್ಕೆ ಬಂತು, ಪದಗಳು ಒಂದೊಂದಾಗಿ ಹಿಂತಿರುಗಿದವು. ಶ್ರವಣ ಪರೀಕ್ಷೆಯಲ್ಲಿ ಎರಡು ಕಿವಿಗೂ ವ್ಯತ್ಯಾಸವಿಲ್ಲ. ಮೇಲ್ದುಟಿಯ ಬಲ ಮೂಲೆಯಲ್ಲಿ ಬಟಾಣಿ ಕಾಳಿನಷ್ಟು ಜಾಗ ಮಾತ್ರ ಇನ್ನೂ ಮಂದವಾಗಿದೆ; ಅಲ್ಲಿ ಅನ್ನದ ಅಗುಳು ಅಂಟಿದ್ದರೆ ಬೇರೆಯವರು ಹೇಳಬೇಕು.

ಈಗ ಹದಿನಾಲ್ಕು ತಿಂಗಳಾಗಿವೆ. ಕಳೆದ ತಿಂಗಳು, ಕಿತ್ತ ಹಲ್ಲಿನ ಜಾಗಕ್ಕೆ ಬೇರೊಂದನ್ನು ಕಟ್ಟಿಸಿಕೊಳ್ಳಲು ಅದೇ ದಂತವೈದ್ಯರ ಬಳಿಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವತ್ತು ನಾನು ಇನ್ನೊಂದೆರಡು ಪ್ರಶ್ನೆ ಕೇಳಬೇಕಿತ್ತು,” ಎಂದರು. “ನಾನೂ ಅಷ್ಟು ಹಟ ಮಾಡಬಾರದಿತ್ತು ಡಾಕ್ಟರೇ,” ಎಂದೆ. ಪಕ್ಕದ ಹಲ್ಲುಗಳನ್ನು ಅರೆಯಬೇಕಾದ್ದರಿಂದ ಮರಗಟ್ಟಿಸುವ ಇಂಜೆಕ್ಷನ್ ಬೇಕಿತ್ತು. ಬಲಗಡೆಯ ಮೇಲ್ದುಟಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆಳೆದು, ಸಿರಿಂಜನ್ನು ವಸಡಿನ ಹತ್ತಿರ ತಂದವರು ನನ್ನ ಮುಖ ನೋಡಿ ಒಂದು ಕ್ಷಣ ತಡೆದರು. ನಾನು ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ಆಗಲಿ ಎಂದು ತಲೆಯಾಡಿಸಿದೆ. ಸೂಜಿ ಚುಚ್ಚಿದರೆ ಎಷ್ಟು ನೋಯಬೇಕೋ ಅಷ್ಟೇ ನೋಯಿತು.